ಮಹಾಯುದ್ಧಗಳ ವೈಯಕ್ತಿಕ ಕಥನಗಳು: ಆಕರಶೋಧ ಮತ್ತು ಪಾಠವಿಮರ್ಶೆ

1. ಪೀಠಿಕೆ

ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಲ್ಲಿ ಭಾರತೀಯರ ಪಾಲು ಅಲ್ಪವಾದುದಲ್ಲ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 11 ಲಕ್ಷ ಭಾರತೀಯರು ಸಿಪಾಯಿಗಳಾಗಿ, ಕೂಲಿಗಳಾಗಿ, ಹೇಸರಗತ್ತೆ ನಡೆಸುವವರಾಗಿ, ಗಾಯಾಳುಗಳನ್ನು ಹೊರುವವರಾಗಿ ಕಡಲಾಚೆಗೆ ಹೋದರು. ಆ ಯುದ್ಧದಲ್ಲಿ ಮಡಿದ ಭಾರತೀಯರ ಸಂಖ್ಯೆ ಸುಮಾರು 74,000. 1939ರಿಂದ 1945ರವರೆಗಿನ ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆ 25 ಲಕ್ಷ ಜನರ ಗಾತ್ರಕ್ಕೆ ಬೆಳೆಯಿತು. ಮಡಿದವರು ಸುಮಾರು 87,000. ಈ ಅಂಕಿಅಂಶಗಳು ಇತಿಹಾಸದ ಪಠ್ಯಗಳಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ಈ ಜನ ತಮ್ಮ ಅನುಭವವನ್ನು ತಾವೇ ಹೇಳಿಕೊಂಡ ಮಾತುಗಳು ಎಲ್ಲಿವೆ ಎಂಬ ಪ್ರಶ್ನೆಗೆ ಅಷ್ಟು ಸುಲಭವಾದ ಉತ್ತರವಿಲ್ಲ.

ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: ಭಾರತೀಯ ಸಿಪಾಯಿ ಬಹುಮಟ್ಟಿಗೆ ಅನಕ್ಷರಸ್ಥ, ಆದ್ದರಿಂದ ಅವನು ಏನನ್ನೂ ಬರೆದಿಡಲಿಲ್ಲ. ಈ ಉತ್ತರ ಅರ್ಧ ಸತ್ಯ. ಸಿಪಾಯಿ ಸ್ವತಃ ಪುಸ್ತಕ ಬರೆದದ್ದು ವಿರಳವೆಂಬುದು ನಿಜ. ಆದರೆ ಅವನ ಮಾತು ಬರಹಕ್ಕೆ ಇಳಿಯಲೇ ಇಲ್ಲವೆನ್ನುವುದು ನಿಜವಲ್ಲ. ಆ ಮಾತನ್ನು ಸೆನ್ಸಾರ್ ಅಧಿಕಾರಿ ಬರೆಸಿಟ್ಟಿದ್ದಾನೆ, ಶತ್ರುದೇಶದ ಭಾಷಾವಿಜ್ಞಾನಿ ಧ್ವನಿಮುದ್ರಿಸಿದ್ದಾನೆ, ಮನೆಯ ಅಜ್ಜಿ ಜೀವನಚರಿತ್ರೆಯೊಳಗೆ ಸೇರಿಸಿದ್ದಾಳೆ, ಮಗ ಪೆಟ್ಟಿಗೆಯಿಂದ ತೆಗೆದು ಅಚ್ಚು ಹಾಕಿಸಿದ್ದಾನೆ. ಅಂದರೆ ಸಿಪಾಯಿಯ ಮಾತು ಬೇರೆಯವರ ಹೆಸರಿನ ಕೆಳಗೆ, ಬೇರೆಯವರ ಉದ್ದೇಶಕ್ಕಾಗಿ ಉಳಿದುಬಂದಿದೆ. ಆದುದರಿಂದ ಇಂಥ ಕಥನಗಳನ್ನು ಹುಡುಕುವವರು ‘ಬರೆದವರು ಯಾರು’ ಎಂದು ಕೇಳುವುದರ ಜೊತೆಗೆ ‘ಬರೆಸಿದವರು ಯಾರು, ಏಕೆ’ ಎಂದೂ ಕೇಳಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆಯೇ ಆಕರಶೋಧದ ದಾರಿ. ಸಿಕ್ಕಿದ ಆಕರವನ್ನು ಓದುವ ಕ್ರಮವೂ ಅದರಿಂದಲೇ ನಿರ್ಧಾರವಾಗುತ್ತದೆ. ಇದನ್ನು ಕೆಲವು ಖಚಿತ ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಸ್ತಪ್ರತಿಗಳನ್ನು ಶೋಧಿಸಿ, ಪಾಠಾಂತರಗಳನ್ನು ತೂಗಿ ನೋಡಿ ಗ್ರಂಥಸಂಪಾದನೆ ಮಾಡಿದ ದೀರ್ಘ ಪರಂಪರೆ ಕನ್ನಡ ವಿದ್ವತ್ತಿಗಿದೆ. ಆ ಶಿಸ್ತು ಇಲ್ಲಿಯೂ ನೆರವಿಗೆ ಬರುತ್ತದೆ ಎಂಬುದನ್ನು ತೋರಿಸುವುದೂ ಇದರ ಆಶಯ.

‘ವೈಯಕ್ತಿಕ ಕಥನ’ ಎಂಬ ಮಾತನ್ನು ಇಲ್ಲಿ ವಿಶಾಲಾರ್ಥದಲ್ಲಿ ಬಳಸಲಾಗಿದೆ. ಆತ್ಮಕಥೆ, ದಿನಚರಿ, ಪತ್ರ, ಸೆರೆವಾಸದ ನೆನಪು, ಸಂದರ್ಶನ, ಧ್ವನಿಮುದ್ರಿತ ಹೇಳಿಕೆ ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಸ್ವಾನುಭವವನ್ನು ಆಧರಿಸಿದ್ದರೂ ಕಾದಂಬರಿಯೆಂದು ಪ್ರಕಟವಾದ ಕೃತಿಗಳನ್ನು ಹೊರಗಿಡಲಾಗಿದೆ.

2. ಗ್ರಂಥಾಲಯದ ವರ್ಗೀಕರಣ ಮತ್ತು ಅದರ ಮಿತಿ

ಶೋಧವು ಗ್ರಂಥಾಲಯದಿಂದಲೇ ಆರಂಭವಾಗುವುದು ಸಹಜ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಮೊದಲನೆಯ ಮಹಾಯುದ್ಧದ ವೈಯಕ್ತಿಕ ಕಥನಗಳಿಗೆ 940.481 ಮತ್ತು 940.482, ಎರಡನೆಯದರ ಕಥನಗಳಿಗೆ 940.5481 ಮತ್ತು 940.5482 ಎಂಬ ಸಂಖ್ಯೆಗಳು ನಿಗದಿಯಾಗಿವೆ. ಪ್ರತಿ ಜೋಡಿಯಲ್ಲಿ ಮೊದಲಿನದು ಮಿತ್ರರಾಷ್ಟ್ರಗಳ ಕಡೆಯವರಿಗೆ, ನಂತರದ್ದು ಎದುರು ಪಕ್ಷದವರಿಗೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಿಷಯಶೀರ್ಷಿಕೆಗಳಲ್ಲಿಯೂ ಯುದ್ಧದ ಹೆಸರು ಮತ್ತು ಇಸವಿಗಳ ಮುಂದೆ ‘ವೈಯಕ್ತಿಕ ಕಥನಗಳು’ ಎಂಬ ಅರ್ಥದ ಉಪಶೀರ್ಷಿಕೆ ಇರುತ್ತದೆ. ಈ ಸಂಖ್ಯೆ ಮತ್ತು ಶೀರ್ಷಿಕೆಗಳನ್ನು ಹಿಡಿದು ಹೊರಟರೆ ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳ ನೂರಾರು ಕೃತಿಗಳು ದೊರೆಯುತ್ತವೆ. ರಾಬರ್ಟ್ ಗ್ರೇವ್ಸ್ 1929ರಲ್ಲಿ ಪ್ರಕಟಿಸಿದ ‘ಗುಡ್‌ಬೈ ಟು ಆಲ್ ದಟ್’, ಯುದ್ಧಕಾಲದಲ್ಲಿ ದಾದಿಯಾಗಿದ್ದ ವೆರಾ ಬ್ರಿಟನ್ 1933ರಲ್ಲಿ ಪ್ರಕಟಿಸಿದ ‘ಟೆಸ್ಟಮೆಂಟ್ ಆಫ್ ಯೂತ್’ ಇವು ಅಂಥ ಸುಪರಿಚಿತ ಕೃತಿಗಳು.

ಭಾರತೀಯರ ಕಥನಗಳ ವಿಷಯದಲ್ಲಿ ಮಾತ್ರ ಈ ಕ್ರಮ ಬೇಗನೆ ಸೋಲುತ್ತದೆ. ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್ 1946ರಲ್ಲಿ ಪ್ರಕಟಿಸಿದ ನೆನಪುಗಳ ಕೃತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿಯಾಗಿ ಯುದ್ಧಕ್ಕೆ ಹೋಗಿ, ಸಿಂಗಾಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕು, ಅನಂತರ ಸುಭಾಷ್‌ಚಂದ್ರ ಬೋಸರ ಸೇನೆಯಲ್ಲಿ ಹೋರಾಡಿದ ವ್ಯಕ್ತಿಯ ಕಥನವನ್ನು ಯಾವ ಪಕ್ಷದ ಸಂಖ್ಯೆಯಲ್ಲಿ ಇಡಬೇಕು? ಎರಡೇ ಪಕ್ಷಗಳನ್ನು ಕಲ್ಪಿಸಿಕೊಂಡ ವರ್ಗೀಕರಣದಲ್ಲಿ ಇದಕ್ಕೆ ನೆಲೆಯಿಲ್ಲ. ಇಂಥ ಪುಸ್ತಕಗಳನ್ನು ಭಾರತದ ಇತಿಹಾಸಕ್ಕೆ ಮೀಸಲಾದ 954ರಲ್ಲಿಯೋ, ಸೇನಾವಿಷಯದ 355ರಲ್ಲಿಯೋ, ಜೀವನಚರಿತ್ರೆಯ 920ರಲ್ಲಿಯೋ ಹುಡುಕುವುದು ಅನಿವಾರ್ಯ. ಜನರಲ್ ಕೆ.ಎಸ್. ತಿಮ್ಮಯ್ಯನವರ ಬರ್ಮಾ ರಣರಂಗದ ನೆನಪುಗಳು ಅವರ ಹೆಸರಿನ ಆತ್ಮಕಥೆಯಾಗಿ ಬಂದಿಲ್ಲ. ಹಂಫ್ರಿ ಇವಾನ್ಸ್ 1960ರಲ್ಲಿ ಬರೆದ ಜೀವನಚರಿತ್ರೆಯೊಳಗೆ ಅಡಕವಾಗಿವೆ. ಅದೇ ಬ್ರಿಗೇಡಿನಲ್ಲಿ ಅವರ ಜೊತೆಗಿದ್ದ ಎಸ್.ಪಿ.ಪಿ. ಥೋರಾಟರು ಸ್ವತಃ ಆತ್ಮಕಥೆ ಬರೆದರು. ಅದು 1986ರಲ್ಲಿ ಪ್ರಕಟವಾಯಿತು. ಒಂದೇ ರಣರಂಗದ ಇಬ್ಬರ ಸಾಕ್ಷ್ಯ ಗ್ರಂಥಾಲಯದ ಎರಡು ಬೇರೆ ಬೇರೆ ಕಪಾಟುಗಳಿಗೆ ಹೋಗಿಬಿಡುತ್ತದೆ. ಆದ್ದರಿಂದ ವಿಷಯಸೂಚಿಯಲ್ಲಿ ಕಾಣಲಿಲ್ಲವೆಂಬ ಮಾತ್ರಕ್ಕೆ ಕೃತಿಯೇ ಇಲ್ಲವೆಂದು ತೀರ್ಮಾನಿಸುವುದು ಸಂಶೋಧಕರಿಗೆ ಸಲ್ಲದು.

3. ಪರಹಸ್ತದಲ್ಲಿ ಉಳಿದ ಮಾತು

3.1. ಸೆನ್ಸಾರ್ ಕಡತಗಳು

1914ರಲ್ಲಿ ಭಾರತೀಯ ಸೇನಾತುಕಡಿಗಳು ಫ್ರಾನ್ಸಿಗೆ ಬಂದಿಳಿದ ಕೆಲವೇ ತಿಂಗಳಲ್ಲಿ ಅವರ ಪತ್ರಗಳನ್ನು ಪರಿಶೀಲಿಸಲು ಪ್ರತ್ಯೇಕ ಸೆನ್ಸಾರ್ ಕಚೇರಿಯೊಂದು ಏರ್ಪಟ್ಟಿತು. ಬೂಲೋನ್ ನಗರದಲ್ಲಿ ಕೆಲಸ ಮಾಡಿದ ಈ ಕಚೇರಿಯ ಮುಖ್ಯಸ್ಥ ಈವ್ಲಿನ್ ಹೊವೆಲ್. ಗದರ್ ಚಳವಳಿಯ ಸಾಹಿತ್ಯ ಸಿಪಾಯಿಗಳಿಗೆ ತಲುಪಬಾರದೆಂಬುದು, ಸಿಪಾಯಿಗಳ ಮನಃಸ್ಥಿತಿಯನ್ನು ಅರಿಯಬೇಕೆಂಬುದು ಸರ್ಕಾರದ ಉದ್ದೇಶ. ಅದಕ್ಕಾಗಿ ಆಯ್ದ ಪತ್ರಗಳ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿಗಳೊಂದಿಗೆ ಮೇಲಕ್ಕೆ ಕಳುಹಿಸಲಾಗುತ್ತಿತ್ತು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಉಳಿದಿವೆ. ಮೂಲ ಪತ್ರಗಳು ಬಹುಪಾಲು ಕಳೆದುಹೋಗಿವೆ. ಡೇವಿಡ್ ಒಮಿಸ್ಸಿ ಈ ಕಡತಗಳಿಂದ ಆರುನೂರಕ್ಕೂ ಮಿಕ್ಕ ಪತ್ರಭಾಗಗಳನ್ನು ಆಯ್ದು 1999ರಲ್ಲಿ ‘ಇಂಡಿಯನ್ ವಾಯ್ಸಸ್ ಆಫ್ ದಿ ಗ್ರೇಟ್ ವಾರ್’ ಎಂಬ ಸಂಕಲನವನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧಕ್ಕೂ ಇಂಥ ಸೆನ್ಸಾರ್ ಸಾರಾಂಶಗಳಿವೆ. ಎರಡೂ ಯುದ್ಧಗಳ ಸಾಮಗ್ರಿಯನ್ನು ಒಟ್ಟಿಗೆ ಇಟ್ಟು ಗಜೇಂದ್ರ ಸಿಂಗ್ 2014ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದ್ದಾರೆ.

ಈ ಪತ್ರಗಳನ್ನು ಸಿಪಾಯಿಯ ಹೃದಯದ ನೇರ ಅಭಿವ್ಯಕ್ತಿಯೆಂದು ಓದಿದರೆ ತಪ್ಪಾಗುತ್ತದೆ. ಹಸ್ತಪ್ರತಿಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದರ ಪಾಠ ಐದು ಹಂತಗಳನ್ನು ದಾಟಿ ಬಂದಿದೆ. ಮೊದಲನೆಯದು ಸಿಪಾಯಿ ಬಾಯಲ್ಲಿ ಹೇಳಿದ ಮಾತು. ಎರಡನೆಯದು ಅದನ್ನು ಕೇಳಿ ಕಾಗದಕ್ಕಿಳಿಸಿದ ಅಕ್ಷರಸ್ಥ ಸಂಗಾತಿಯ ಬರಹ, ಇವನೇ ಲಿಪಿಕಾರ. ಮೂರನೆಯದು ತುಕಡಿಯ ಅಧಿಕಾರಿ ನೋಡಿ ಮುಂದಕ್ಕೆ ಬಿಟ್ಟ ಪ್ರತಿ. ನಾಲ್ಕನೆಯದು ಸೆನ್ಸಾರ್ ಕಚೇರಿಯ ಇಂಗ್ಲಿಷ್ ಅನುವಾದ. ಐದನೆಯದು ಆಧುನಿಕ ಸಂಪಾದಕರ ಆಯ್ಕೆ. ನಮ್ಮ ಕೈಗೆ ಬಂದಿರುವುದು ಕೊನೆಯ ಎರಡು ಹಂತಗಳು ಮಾತ್ರ. ಇಷ್ಟೇ ಅಲ್ಲದೆ, ತಮ್ಮ ಪತ್ರವನ್ನು ಅಧಿಕಾರಿಗಳು ಓದುತ್ತಾರೆಂಬುದು ಸಿಪಾಯಿಗಳಿಗೆ ಗೊತ್ತಿತ್ತು. ಆದ್ದರಿಂದ ಅವರು ಮುಚ್ಚುಮಾತನ್ನು ರೂಢಿಸಿಕೊಂಡರು. ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬಿಳಿಯ ಸೈನಿಕರನ್ನು ಕೆಂಪು ಮೆಣಸೆಂದೂ ಕರೆದು, ಕರಿಯದು ಖರ್ಚಾಗುತ್ತಿದೆ, ಕೆಂಪಿನದನ್ನು ಉಳಿಸಿಕೊಳ್ಳುತ್ತಿದ್ದಾರೆ ಎಂಬ ಧಾಟಿಯಲ್ಲಿ ಮನೆಗೆ ಬರೆದ ಪತ್ರಗಳು ಪ್ರಸಿದ್ಧವಾಗಿವೆ. ಸೆನ್ಸಾರ್ ಅಧಿಕಾರಿಗೂ ಇದರ ಮರ್ಮ ತಿಳಿದಿತ್ತು. ತಿಳಿದದ್ದರಿಂದಲೇ ಅದು ವರದಿಗೆ ಸೇರಿತು, ವರದಿಗೆ ಸೇರಿದ್ದರಿಂದಲೇ ಉಳಿಯಿತು. ಸಂಶಯ ಹುಟ್ಟಿಸದ ಸಾಧಾರಣ ಪತ್ರಗಳಲ್ಲಿ ಹೆಚ್ಚಿನವು ವರದಿಗೆ ಸೇರದೆ ಮುಂದೆ ಸಾಗಿ ಕಣ್ಮರೆಯಾದವು. ಹೀಗೆ ಉಳಿದಿರುವ ಸಂಗ್ರಹದ ಸ್ವರೂಪವನ್ನು ನಿರ್ಧರಿಸಿದ್ದು ಸಿಪಾಯಿಯ ಅನುಭವವಲ್ಲ, ಸರ್ಕಾರದ ಕುತೂಹಲ.

3.2. ಸೆರೆಶಿಬಿರದ ಧ್ವನಿಮುದ್ರಿಕೆಗಳು

ಇದಕ್ಕಿಂತ ವಿಲಕ್ಷಣವಾದ ಆಕರ ಜರ್ಮನಿಯಲ್ಲಿದೆ. ಬರ್ಲಿನ್ನಿನ ದಕ್ಷಿಣಕ್ಕಿರುವ ವುನ್ಸ್‌ಡಾರ್ಫಿನ ‘ಅರ್ಧಚಂದ್ರ ಶಿಬಿರ’ದಲ್ಲಿ ಮುಸ್ಲಿಂ ಹಾಗೂ ಇತರ ವಸಾಹತು ಸೈನಿಕರನ್ನು ಸೆರೆಯಿಟ್ಟಿದ್ದರು. ಪ್ರಷ್ಯನ್ ಧ್ವನಿಮುದ್ರಣ ಆಯೋಗವು 1915ರಿಂದ 1918ರವರೆಗೆ ಇಂಥ ಹಲವು ಶಿಬಿರಗಳಲ್ಲಿ ಕೈದಿಗಳ ಮಾತು ಮತ್ತು ಹಾಡುಗಳನ್ನು ಮುದ್ರಿಸಿಕೊಂಡಿತು. ಕಾರ್ಲ್ ಸ್ಟುಂಫ್ ಇದರ ಅಧ್ಯಕ್ಷ. ವಿಲ್‌ಹೆಲ್ಮ್ ಡೋಗೆನ್ ಇದರ ಸಂಘಟಕ. ಈ ಅರಗಿನ ತಟ್ಟೆಗಳು ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿವೆ. ಆಯೋಗಕ್ಕೆ ಬೇಕಾಗಿದ್ದುದು ಲೋಕದ ಭಾಷೆಗಳ ಮಾದರಿಗಳೇ ಹೊರತು ಸೈನಿಕರ ಕಷ್ಟಸುಖವಲ್ಲ.

ಹೀಗಿದ್ದರೂ ಕಷ್ಟಸುಖ ಒಳಗೆ ನುಸುಳಿತು. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸೈನಿಕ ಧ್ವನಿಮುದ್ರಣ ಯಂತ್ರದ ಮುಂದೆ ಒಂದೆರಡು ನಿಮಿಷಕ್ಕೂ ಕಡಿಮೆ ಹೊತ್ತು ಮಾತನಾಡಿದ. ತನ್ನ ಕಥೆಯನ್ನೇ ಅವನು ‘ಒಬ್ಬ ಮನುಷ್ಯನಿದ್ದ’ ಎಂಬ ರೀತಿಯಲ್ಲಿ, ಜನಪದ ಕಥೆಯ ಹಾಗೆ ಪ್ರಥಮ ಪುರುಷದಲ್ಲಿ ಹೇಳಿದ. ಊರಲ್ಲಿ ಬೆಣ್ಣೆ ತಿಂದುಕೊಂಡಿದ್ದವನು ಇಂಗ್ಲಿಷರ ಸೇನೆ ಸೇರಿ ಯೂರೋಪಿಗೆ ಬಂದದ್ದು, ಜರ್ಮನರಿಗೆ ಸೆರೆಸಿಕ್ಕಿದ್ದು, ಈಗ ಊರಿಗೆ ಮರಳುವ ಹಂಬಲದಲ್ಲಿರುವುದು ಇಷ್ಟೇ ಅದರ ವಸ್ತು. ಈ ಮಾತನ್ನು ಕೇಂದ್ರವಾಗಿರಿಸಿಕೊಂಡು ಫಿಲಿಪ್ ಶೆಫ್ನರ್ 2007ರಲ್ಲಿ ‘ದಿ ಹಾಫ್‌ಮೂನ್ ಫೈಲ್ಸ್’ ಎಂಬ ಸಾಕ್ಷ್ಯಚಿತ್ರ ನಿರ್ಮಿಸಿದರು. ನಮ್ಮ ಅಧ್ಯಯನದ ದೃಷ್ಟಿಯಿಂದ ಮಹತ್ತ್ವದ ಅಂಶವೆಂದರೆ ‘ನಾನು’ ಎಂಬ ಪದವೇ ಇಲ್ಲದ ಆತ್ಮಕಥನವೂ ಸಾಧ್ಯವೆಂಬುದು. ಉತ್ತಮ ಪುರುಷದ ನಿರೂಪಣೆಯನ್ನೇ ಆತ್ಮಕಥೆಯ ಲಕ್ಷಣವೆಂದು ಹಿಡಿದು ಹುಡುಕುವವರಿಗೆ ಇದು ಕಾಣುವುದೇ ಇಲ್ಲ. ಮೌಖಿಕ ಪರಂಪರೆಯ ಹಿನ್ನೆಲೆಯುಳ್ಳ ನಿರೂಪಕರು ತಮ್ಮ ನೋವನ್ನು ಕಥೆಯ, ಹಾಡಿನ, ಗಾದೆಯ ಮರೆಯಲ್ಲಿಟ್ಟು ಹೇಳುತ್ತಾರೆಂಬುದನ್ನು ಜಾನಪದ ವಿದ್ವಾಂಸರು ಬಲ್ಲರು.

4. ಭಾರತೀಯರೇ ಬರೆದ ಕೃತಿಗಳು

ಅಧಿಕಾರಸ್ಥರ ಕಡತಗಳಿಂದ ಹೊರಬಂದು ಭಾರತೀಯರೇ ಬರೆದ ಕೃತಿಗಳತ್ತ ನೋಡಿದರೆ ಮೊದಲು ಗಮನ ಸೆಳೆಯುವುದು ಬಂಗಾಳಿ. ಇಂದಿನ ಇರಾಕಿಗೆ ಸೇರಿದ ಕೂಟ್ ಪಟ್ಟಣವನ್ನು ತುರ್ಕರು 1915ರ ಡಿಸೆಂಬರಿನಲ್ಲಿ ಮುತ್ತಿದರು. 1916ರ ಏಪ್ರಿಲ್ 29ರಂದು ಅಲ್ಲಿದ್ದ ಬ್ರಿಟಿಷ್ ಮತ್ತು ಭಾರತೀಯ ಸೇನೆ ಶರಣಾಯಿತು. ಹಾಗೆ ಸೆರೆಸಿಕ್ಕವರಲ್ಲಿ ಬೆಂಗಾಲ್ ಆಂಬ್ಯುಲೆನ್ಸ್ ಕೋರಿನ ಶಿಶಿರ್ ಪ್ರಸಾದ್ ಸರ್ವಾಧಿಕಾರಿ ಒಬ್ಬರು. ದಿನಚರಿ ಶತ್ರುಗಳ ಕೈಗೆ ಸಿಗದಿರಲೆಂದು ಅದರ ಹಾಳೆಗಳನ್ನು ಹರಿದು ಬೂಟಿನೊಳಗೆ ಅಡಗಿಸಿಕೊಂಡು, ಆ ಚೂರುಗಳ ನೆರವಿನಿಂದ ಮತ್ತೆ ಬರೆದುಕೊಂಡು, ಅವರು ಅದನ್ನು ಕಾಪಾಡಿದರು. ಅದನ್ನು ಆಧರಿಸಿದ ‘ಅಭಿ ಲೇ ಬಗ್ದಾದ್’ 1957ರಲ್ಲಿ ಪ್ರಕಟವಾಯಿತು. ಆರ್ಮೇನಿಯನ್ನರಿಗೆ ಒದಗಿದ ದುರಂತಕ್ಕೂ ಈ ಕೃತಿ ಭಾರತೀಯ ಸಾಕ್ಷಿಯಾಗಿದೆ.

ಇದೇ ರಣರಂಗಕ್ಕೆ ಸಂಬಂಧಿಸಿದ ಮತ್ತೊಂದು ಕೃತಿ 1928ರಲ್ಲಿ ಬಂದ ‘ಕಲ್ಯಾಣ್ ಪ್ರದೀಪ್’. ಸೇನಾವೈದ್ಯ ಕ್ಯಾಪ್ಟನ್ ಕಲ್ಯಾಣ್ ಕುಮಾರ್ ಮುಖರ್ಜಿ ಕೂಟ್‌ನಲ್ಲಿ ಸೆರೆಸಿಕ್ಕು 1917ರಲ್ಲಿ ಸೆರೆಯಲ್ಲಿಯೇ ತೀರಿಕೊಂಡರು. ಅವರ ಅಜ್ಜಿ ಮೋಕ್ಷದಾದೇವಿ ಇಳಿವಯಸ್ಸಿನಲ್ಲಿ ಮೊಮ್ಮಗನ ಜೀವನಚರಿತ್ರೆ ಬರೆದು, ಅವನು ಮನೆಗೆ ಬರೆದ ಪತ್ರಗಳನ್ನು ಅದರೊಳಗೆ ಸೇರಿಸಿದರು. ಇಲ್ಲಿ ಬರೆದವರು ಒಬ್ಬರು, ಉಳಿಸಿದವರು ಇನ್ನೊಬ್ಬರು. ರಣರಂಗದ ಅತ್ಯಂತ ನಿಕಟವಾದ ಸಾಕ್ಷ್ಯವು ಗ್ರಂಥಸೂಚಿಯಲ್ಲಿ ರಣರಂಗವನ್ನೇ ಕಾಣದ ವೃದ್ಧೆಯೊಬ್ಬರ ಹೆಸರಿನಲ್ಲಿ ದಾಖಲಾಗಿದೆ. ಈ ಎರಡೂ ಕೃತಿಗಳ ಮಹತ್ತ್ವವನ್ನು ಇಂಗ್ಲಿಷ್ ಓದುಗರಿಗೆ ತಿಳಿಸಿದವರಲ್ಲಿ ಕಾದಂಬರಿಕಾರ ಅಮಿತಾವ್ ಘೋಷ್ ಹಾಗೂ 2018ರಲ್ಲಿ ‘ಇಂಡಿಯಾ, ಎಂಪೈರ್, ಅಂಡ್ ಫಸ್ಟ್ ವರ್ಲ್ಡ್ ವಾರ್ ಕಲ್ಚರ್’ ಎಂಬ ಗ್ರಂಥವನ್ನು ಪ್ರಕಟಿಸಿದ ಸಂತನು ದಾಸ್ ಪ್ರಮುಖರು. ಅಂದರೆ ಬಂಗಾಳಿಯಲ್ಲಿ ಅಚ್ಚಾಗಿ ಎಷ್ಟೋ ದಶಕಗಳಾದ ಮೇಲೆ ಮಹಾಯುದ್ಧದ ವಿದ್ವತ್ತು ಅವನ್ನು ಗಮನಿಸಿತು. ದೇಶಭಾಷೆಯಲ್ಲಿ ಪ್ರಕಟವಾಗಿರುವುದೂ ಒಂದು ರೀತಿಯಲ್ಲಿ ಅಜ್ಞಾತವಾಗಿರುವುದೇ ಎಂಬ ಕಹಿಸತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯ ನಿದರ್ಶನ ರಾಜಸ್ಥಾನದ ಅಮರ್ ಸಿಂಗ್. ಇವರು 1898ರಿಂದ 1942ರವರೆಗೆ ನಲವತ್ತನಾಲ್ಕು ವರ್ಷ ಇಂಗ್ಲಿಷಿನಲ್ಲಿ ಬರೆದ ದಿನಚರಿ 89 ಸಂಪುಟಗಳಷ್ಟಿದೆ. 1914ರಲ್ಲಿ ಇವರು ಭಾರತೀಯ ಸೇನೆಯೊಂದಿಗೆ ಫ್ರಾನ್ಸಿನಲ್ಲಿದ್ದರು. ಸೂಸನ್ ರುಡಾಲ್ಫ್ ಮತ್ತು ಲಾಯ್ಡ್ ರುಡಾಲ್ಫ್ ದಂಪತಿಗಳು ಮೋಹನ್ ಸಿಂಗ್ ಕನೋತಾ ಅವರೊಂದಿಗೆ ಸಂಪಾದಿಸಿದ ‘ರಿವರ್ಸಿಂಗ್ ದಿ ಗೇಜ್’ ಪ್ರಸಿದ್ಧವಾದರೂ ಅದರ ವ್ಯಾಪ್ತಿ 1905ಕ್ಕೇ ಮುಗಿಯುತ್ತದೆ. ಯುದ್ಧದ ವರ್ಷಗಳಿಗಾಗಿ ಡಿವಿಟ್ ಎಲಿನ್‌ವುಡ್ 2005ರಲ್ಲಿ ಪ್ರಕಟಿಸಿದ, 1905ರಿಂದ 1921ರವರೆಗಿನ ದಿನಚರಿಯನ್ನು ಆಧರಿಸಿದ ‘ಬಿಟ್ವೀನ್ ಟೂ ವರ್ಲ್ಡ್ಸ್’ ಗ್ರಂಥವನ್ನು ನೋಡಬೇಕು. ಆಯ್ದ ಮುದ್ರಣವನ್ನು ಕೈಯಲ್ಲಿ ಹಿಡಿದವರು ಅದರಲ್ಲಿ ಏನು ಬಿಟ್ಟಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕೆಂಬುದಕ್ಕೆ ಇದು ನಿದರ್ಶನ.

5. ಎರಡು ಅಂತರಗಳು

ಇಂಥ ಕೃತಿಗಳನ್ನು ಪರಿಶೀಲಿಸುವಾಗ ಪ್ರಕಟಣೆಯ ವರ್ಷವೊಂದನ್ನೇ ನೋಡುವುದು ರೂಢಿ. ಆದರೆ ಇಲ್ಲಿ ಎರಡು ಅಂತರಗಳನ್ನು ಬೇರ್ಪಡಿಸುವುದು ಅಗತ್ಯ. ಘಟನೆಗೂ ಬರವಣಿಗೆಗೂ ನಡುವಿನದು ಒಂದು. ಬರವಣಿಗೆಗೂ ಪ್ರಕಟಣೆಗೂ ನಡುವಿನದು ಇನ್ನೊಂದು. ಮೊದಲನೆಯ ಅಂತರ ದೊಡ್ಡದಾದಷ್ಟೂ ನೆನಪು ಮಸುಕಾಗುತ್ತದೆ, ನಂತರದ ತಿಳಿವಳಿಕೆ ಹಿಂದಿನ ಅನುಭವದೊಳಗೆ ಸೇರಿಕೊಳ್ಳುತ್ತದೆ. ಎರಡನೆಯ ಅಂತರ ದೊಡ್ಡದಾದರೆ ಪಾಠಕ್ಕೆ ಹಾನಿಯಾಗಲೇಬೇಕೆಂದಿಲ್ಲ. ಆ ಅಂತರ ಸಮಾಜದ ನಿರಾಸಕ್ತಿಯನ್ನು ಮಾತ್ರ ಸೂಚಿಸುತ್ತದೆ.

ಇದಕ್ಕೆ ಕರ್ನಾಟಕದ್ದೇ ಆದ ಮಹತ್ತ್ವದ ನಿದರ್ಶನವಿದೆ. ಮಂಗಳೂರು ಸೀಮೆಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತ ಅವರು ಬ್ರಿಟಿಷ್ ಭಾರತೀಯ ಸೇನೆಯಲ್ಲಿದ್ದು 1942ರಲ್ಲಿ ಸಿಂಗಾಪುರ ಪತನವಾದಾಗ ಜಪಾನೀಯರಿಗೆ ಸೆರೆಸಿಕ್ಕರು. ಅನಂತರ ಅವರನ್ನು ಪೆಸಿಫಿಕ್ ಸಾಗರದ ನ್ಯೂ ಬ್ರಿಟನ್ ದ್ವೀಪಕ್ಕೆ ಸಾಗಿಸಲಾಯಿತು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ, 1946ರಲ್ಲಿ, ಅವರು ತಮ್ಮ ಸೆರೆವಾಸದ ಅನುಭವವನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರು. ಆ ಬರಹ ಅರ್ಧ ಶತಮಾನ ಅಪ್ರಕಟಿತವಾಗಿ ಉಳಿಯಿತು. ಅವರ ಮಗ, ಕಾದಂಬರಿಕಾರ ರಿಚರ್ಡ್ ಕ್ರಾಸ್ತ, 1997ರಲ್ಲಿ ಅದನ್ನು ‘ಈಟನ್ ಬೈ ದಿ ಜಪಾನೀಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಉಪಶೀರ್ಷಿಕೆಯಲ್ಲಿ ಲೇಖಕರನ್ನು ಅಜ್ಞಾತ ಭಾರತೀಯ ಯುದ್ಧಕೈದಿಯೆಂದೇ ಕರೆಯಲಾಗಿದೆ.

ಈ ಕೃತಿಯನ್ನು ಸರ್ವಾಧಿಕಾರಿಯವರ ಕೃತಿಯೊಂದಿಗೆ ಹೋಲಿಸಬಹುದು. ಎರಡೂ ಕೃತಿಗಳು ಘಟನೆ ನಡೆದು ನಾಲ್ಕೈದು ದಶಕಗಳ ತರುವಾಯ ಓದುಗರ ಕೈಸೇರಿದವು. ಆದರೆ ಕ್ರಾಸ್ತ ಅವರ ಬರಹ ಬಿಡುಗಡೆಯ ಮರುವರ್ಷವೇ ಪೂರ್ಣಗೊಂಡದ್ದು. ಅಲ್ಲಿ ಮೊದಲ ಅಂತರ ಕಿರಿದು, ಎರಡನೆಯದು ಹಿರಿದು. ಸರ್ವಾಧಿಕಾರಿಯವರದು ಯುದ್ಧಕಾಲದ ದಿನಚರಿಯ ಮೇಲೆ ದಶಕಗಳ ನಂತರ ಕಟ್ಟಿದ ಕೃತಿ. ಅಲ್ಲಿ ಎರಡು ಕಾಲದ ಪದರಗಳು ಒಂದರ ಮೇಲೊಂದು ಕುಳಿತಿವೆ. 1957 ಮತ್ತು 1997 ಎಂಬ ಮುದ್ರಣವರ್ಷಗಳನ್ನಷ್ಟೇ ನೋಡಿ ಹಳೆಯದು ಹೆಚ್ಚು ನಿಕಟವಾದ ಸಾಕ್ಷ್ಯವೆಂದು ಭಾವಿಸಿದರೆ ದಾರಿ ತಪ್ಪುತ್ತದೆ. ಫ್ರಾನ್ಸಿನ ಲೂಯಿ ಬಾರ್ತಾಸ್ ಎಂಬ ಪೀಪಾಯಿ ಮಾಡುವ ಕಸುಬಿನವನ 19 ನೋಟುಪುಸ್ತಕಗಳ ಯುದ್ಧಕಥನವೂ 1978ರವರೆಗೆ ಅಚ್ಚಾಗಲಿಲ್ಲ. ಈಗ ಅದು ಸಾಮಾನ್ಯ ಸೈನಿಕನ ಶ್ರೇಷ್ಠ ಕಥನಗಳಲ್ಲೊಂದೆಂದು ಗಣನೆಗೆ ಬಂದಿದೆ. ಶ್ರಮಿಕರ, ಕೆಳಹುದ್ದೆಯವರ ಬರಹಗಳಲ್ಲಿ ಎರಡನೆಯ ಅಂತರ ಹಿರಿದಾಗಿರುವುದು ಆಕಸ್ಮಿಕವಲ್ಲ. ಅಧಿಕಾರಿಗೆ ಪ್ರಕಾಶಕ ಕಾದಿರುತ್ತಾನೆ. ಸಿಪಾಯಿಗೆ ಮಗನೋ ಮೊಮ್ಮಗಳೋ ಆಗಬೇಕು.

6. ಪ್ರಾಮಾಣ್ಯದ ವಿಚಾರ

ದೊರೆತ ಕಥನ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ಮುಂದಿನ ಪ್ರಶ್ನೆ. ಈ ನಿಟ್ಟಿನಲ್ಲಿ ಮೊದಲ ವ್ಯವಸ್ಥಿತ ಪ್ರಯತ್ನ ಮಾಡಿದವರು ಝಾನ್ ನಾರ್ಟನ್ ಕ್ರೂ. ಸ್ವತಃ ಕಂದಕಗಳಲ್ಲಿ ಹೋರಾಡಿದ್ದ ಈ ಫ್ರೆಂಚ್ ಅಧ್ಯಾಪಕರು 1915ರಿಂದ 1928ರ ಅವಧಿಯಲ್ಲಿ ಫ್ರೆಂಚಿನಲ್ಲಿ ಪ್ರಕಟವಾದ ಸುಮಾರು 300 ಯುದ್ಧಕಥನಗಳನ್ನು ಓದಿ, 1929ರಲ್ಲಿ ‘ತೆಮ್ವಾಂ’, ಎಂದರೆ ‘ಸಾಕ್ಷಿಗಳು’, ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಪ್ರತಿಯೊಬ್ಬ ಲೇಖಕನೂ ಯಾವ ತುಕಡಿಯಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಲ್ಲಿದ್ದ ಎಂಬುದನ್ನು ಮೊದಲು ನಿಷ್ಕರ್ಷಿಸಿ, ಅವನು ಹೇಳುವುದನ್ನು ಅವನು ಕಂಡಿರಲು ಸಾಧ್ಯವಿತ್ತೇ ಎಂದು ಪರೀಕ್ಷಿಸುವುದು ಅವರ ಕ್ರಮ. ಆ ಪರೀಕ್ಷೆಯಲ್ಲಿ ಆಂರಿ ಬಾರ್ಬುಸ್‌ರಂಥ ಪ್ರಸಿದ್ಧರೂ ತೇರ್ಗಡೆಯಾಗಲಿಲ್ಲ. 1916ರ ‘ಲ ಫ’ ಒಂದು ಸೈನಿಕ ತಂಡದ ದಿನಚರಿಯೆಂಬ ಉಪಶೀರ್ಷಿಕೆ ಹೊತ್ತಿದ್ದರೂ ಅದು ಕಾದಂಬರಿ. ಇಂಗ್ಲಿಷಿನಲ್ಲಿ ಸೀಗ್‌ಫ್ರೀಡ್ ಸಸೂನ್ 1930ರಲ್ಲಿ ಪ್ರಕಟಿಸಿದ ಪದಾತಿ ಅಧಿಕಾರಿಯ ‘ನೆನಪು’ಗಳ ನಿರೂಪಕನೂ ಕಲ್ಪಿತ ಹೆಸರಿನವನು. ಶೀರ್ಷಿಕೆಯಲ್ಲಿ ‘ದಿನಚರಿ’, ‘ನೆನಪು’ ಎಂದಿರುವುದು ಪ್ರಕಾರದ ಪ್ರಮಾಣಪತ್ರವಾಗುವುದಿಲ್ಲ.

ಕ್ರೂ ಅವರ ಮಾನದಂಡ ಕಟ್ಟುನಿಟ್ಟಾದುದು. ಸಾಹಿತ್ಯದ ಸತ್ಯವನ್ನು ಅದು ಕಡೆಗಣಿಸುತ್ತದೆಂಬ ಆಕ್ಷೇಪಣೆ ಅಂದಿನಿಂದಲೂ ಇದೆ. ಆದರೂ ಅವರ ಕ್ರಮದ ಮೊದಲ ಹೆಜ್ಜೆಯನ್ನು ನಾವು ಅಳವಡಿಸಿಕೊಳ್ಳಬಹುದು. ಸೈನಿಕನ ತುಕಡಿ ಯಾವುದೆಂದು ತಿಳಿದರೆ ಆ ತುಕಡಿಯ ಅಧಿಕೃತ ಯುದ್ಧ ದಿನಚರಿಯೊಂದಿಗೆ ಅವನ ಹೇಳಿಕೆಯನ್ನು ಹೋಲಿಸಬಹುದು. ಮೊದಲನೆಯ ಮಹಾಯುದ್ಧದ ಇಂಥ ದಿನಚರಿಗಳು ಇಂಗ್ಲೆಂಡಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯು.ಒ. 95 ಎಂಬ ಶ್ರೇಣಿಯಲ್ಲಿವೆ. ಇಬ್ಬರ ಮಾತೂ ಹೊಂದಿಕೊಂಡರೆ ಸಾಕ್ಷ್ಯ ಗಟ್ಟಿಯಾಗುತ್ತದೆ. ಹೊಂದದಿದ್ದರೆ ಸಿಪಾಯಿಯೇ ತಪ್ಪೆಂದು ಹೇಳಬೇಕಾಗಿಲ್ಲ. ಅಧಿಕೃತ ದಿನಚರಿ ಬರೆದ ಅಧಿಕಾರಿಗೂ ಮುಚ್ಚಿಡುವ ಕಾರಣಗಳಿರುತ್ತವೆ. ಭಿನ್ನತೆ ಕಂಡಲ್ಲಿ ಅದನ್ನು ಪಾಠಾಂತರದಂತೆ ದಾಖಲಿಸಿ, ಕಾರಣವನ್ನು ವಿವೇಚಿಸುವುದು ಸಂಪಾದಕನ ಧರ್ಮ.

ಪಾಠಾಂತರದ ಮಾತು ಇಲ್ಲಿ ಬರಿಯ ಹೋಲಿಕೆಯಲ್ಲ. ಆ್ಯನ್ ಫ್ರಾಂಕಳ ದಿನಚರಿ 1947ರಲ್ಲಿ ಅಚ್ಚಾದಾಗ ಅದು ಅವಳ ಮೊದಲ ಬರಹ, ಅವಳೇ ತಿದ್ದಿ ಬರೆದ ಪ್ರತಿ, ತಂದೆಯ ಆಯ್ಕೆ ಇವುಗಳ ಸಂಯೋಗವಾಗಿತ್ತು. 1986ರಲ್ಲಿ ಡಚ್ ಭಾಷೆಯಲ್ಲಿ ಬಂದ ವಿಮರ್ಶಾತ್ಮಕ ಆವೃತ್ತಿ ಈ ಮೂರು ಪಾಠಗಳನ್ನೂ ಒಟ್ಟಿಗೆ ಮುದ್ರಿಸಿ ತೋರಿಸಿತು. ಸೋವಿಯತ್ ಮಹಿಳಾ ಸೈನಿಕರನ್ನು ಸಂದರ್ಶಿಸಿ ಸ್ವೆತ್ಲಾನಾ ಅಲೆಕ್ಸಿಯೇವಿಚ್ ಸಿದ್ಧಪಡಿಸಿದ ಕೃತಿ 1985ರಲ್ಲಿ ಸೆನ್ಸಾರಿನ ಕತ್ತರಿಗೆ ಒಳಗಾಗಿಯೇ ಹೊರಬಂದಿತು. ಕೈಬಿಟ್ಟ ಭಾಗಗಳು ನಂತರದ ಆವೃತ್ತಿಯಲ್ಲಿ ಸೇರಿದವು. ಆದ್ದರಿಂದ ಯಾವ ಆವೃತ್ತಿಯನ್ನು ಓದುತ್ತಿದ್ದೇವೆಂಬುದನ್ನು ನಿರ್ದೇಶಿಸದೆ ಇಂಥ ಕೃತಿಗಳಿಂದ ತೀರ್ಮಾನಗಳನ್ನು ಎತ್ತುವುದು ಸಾಧುವಲ್ಲ.

7. ಕರ್ನಾಟಕದ ಸಂದರ್ಭ

ಈ ವಿವೇಚನೆಯ ಬೆಳಕಿನಲ್ಲಿ ನಮ್ಮ ನೆಲದ ಆಕರಗಳನ್ನು ಎಲ್ಲಿ ಹುಡುಕಬೇಕೆಂಬುದನ್ನು ಗುರುತಿಸಬಹುದು. ಮೊದಲಿಗೆ ಒಂದು ಎಚ್ಚರಿಕೆ. ಫ್ರಾನ್ಸಿನ ಸೆನ್ಸಾರ್ ಕಡತಗಳಲ್ಲಿ ಪಂಜಾಬು ಮತ್ತು ಅದರ ಸುತ್ತಲಿನ ಪ್ರದೇಶದವರ ಪತ್ರಗಳೇ ಅಧಿಕ. ಕೆಲವು ಸಮುದಾಯಗಳನ್ನು ಮಾತ್ರ ‘ಯುದ್ಧವೀರ ಜನಾಂಗ’ಗಳೆಂದು ಕರೆದು ಅವರನ್ನೇ ಹೆಚ್ಚಾಗಿ ಭರ್ತಿ ಮಾಡಿಕೊಂಡ ಬ್ರಿಟಿಷ್ ನೀತಿ ಇದಕ್ಕೆ ಕಾರಣ. ಕನ್ನಡ ನಾಡಿನವರ ಮಾತಿಗೆ ಬೇರೆ ದಾರಿಗಳನ್ನು ಹಿಡಿಯಬೇಕು.

ಮೈಸೂರು ಸಂಸ್ಥಾನದ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಹೈಫಾ ನಗರವನ್ನು ಗೆದ್ದ ಸಂಗತಿ ಸುಪ್ರಸಿದ್ಧ. ಸಂಸ್ಥಾನದ ಸೇನೆಯಾದ್ದರಿಂದ ಇದರ ಆಡಳಿತದ ಜಾಡು ಲಂಡನ್ನಿನಲ್ಲಿ ಮಾತ್ರವಲ್ಲದೆ ಮೈಸೂರು ಸರ್ಕಾರದ ಕಡತಗಳಲ್ಲಿಯೂ ಇರುತ್ತದೆ. ವಿಧವೆಯರ ಪಿಂಚಣಿ ಅರ್ಜಿ, ಗಾಯಾಳುವಿನ ಭೂಮಿಕೋರಿಕೆ, ವಾರಸುದಾರಿಕೆಯ ವಿಚಾರಣೆ ಇಂಥ ಕಾಗದಗಳಲ್ಲಿ ಅರ್ಜಿದಾರರ ಹೇಳಿಕೆಯೇ ಕಥನವಾಗಿರುತ್ತದೆ. ಅರ್ಜಿಯ ನುಡಿಗಟ್ಟು ಗುಮಾಸ್ತನದು, ದುಃಖ ಅರ್ಜಿದಾರಳದು ಎಂಬ ವಿವೇಕದಿಂದ ಅವನ್ನು ಓದಬೇಕು. ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಮದ್ರಾಸ್ ಸ್ಯಾಪರ್ಸ್ ದಳದ ಇತಿಹಾಸಗ್ರಂಥಗಳು, ಕೊಡಗಿನ ಸೈನಿಕ ಕುಟುಂಬಗಳ ಮನೆಕಾಗದಗಳು, ‘ವೃತ್ತಾಂತ ಪತ್ರಿಕೆ’, ‘ಸ್ವದೇಶಾಭಿಮಾನಿ’ಗಳಂಥ ಹಳೆಯ ಪತ್ರಿಕೆಗಳ ಯುದ್ಧಕಾಲದ ಸಂಚಿಕೆಗಳು ಶೋಧಕ್ಕೆ ಅರ್ಹವಾದ ಇತರ ನೆಲೆಗಳು. ಸೇನೆಯ ವ್ಯವಹಾರಭಾಷೆ ಹಿಂದೂಸ್ತಾನಿಯಾಗಿದ್ದುದರಿಂದ ಕನ್ನಡಿಗನ ಪತ್ರ ಕನ್ನಡದಲ್ಲಿಯೇ ಇರಬೇಕೆಂಬ ಪೂರ್ವಗ್ರಹವನ್ನು ಬಿಡಬೇಕು. ಉರ್ದು, ಕೊಂಕಣಿ, ಇಂಗ್ಲಿಷ್ ಬರಹಗಳೂ ಕರ್ನಾಟಕದ ಆಕರಗಳೇ.

ಯುದ್ಧವು ನಾಡಿನೊಳಗೂ ಬಂದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳೆಂದು ಬಂಧನಕ್ಕೊಳಗಾಗಿ ಅನಂತರ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಮಿಷನ್ನಿನ ಪತ್ರವ್ಯವಹಾರ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಲಾಗಿತ್ತು. ಅವರ ಪತ್ರ ಮತ್ತು ನೆನಪುಗಳಿಗಾಗಿ ಇಟಾಲಿಯನ್ ಭಾಷೆಯ ಸಾಹಿತ್ಯವನ್ನು ನೋಡಬೇಕು. ಹೀಗೆ ನಮ್ಮ ಊರುಗಳ ಯುದ್ಧಕಾಲದ ಚಿತ್ರ ಪರಭಾಷೆಗಳಲ್ಲಿ ಅಡಗಿದೆ.

ಕುಟುಂಬದ ಸ್ಮೃತಿಯಿಂದ ಕೃತಿ ಹುಟ್ಟುವ ಬಗೆಗೆ ರಘು ಕಾರ್ನಾಡರು 2015ರಲ್ಲಿ ಪ್ರಕಟಿಸಿದ ‘ಫಾರ್ದೆಸ್ಟ್ ಫೀಲ್ಡ್’ ಉತ್ತಮ ಮಾದರಿ. ಅಜ್ಜಿಯ ಮನೆಯಲ್ಲಿದ್ದ ಮೂವರು ಯುವಕರ ಭಾವಚಿತ್ರಗಳೇ ಅದರ ಮೂಲಪ್ರೇರಣೆ. ಅವರಲ್ಲೊಬ್ಬರು ಕೊಡಗು ಮೂಲದ ವೈದ್ಯರು. ಎರಡನೆಯ ಮಹಾಯುದ್ಧದ ಇಂಥ ವ್ಯಕ್ತಿಗಳ ಬಗ್ಗೆ ಪುಸ್ತಕವೊಂದು ಬರಲು ಎಪ್ಪತ್ತು ವರ್ಷ ಬೇಕಾಯಿತು.

ಮನೆಮನೆಯಲ್ಲಿ ಶೋಧಿಸುವವರು ‘ದಿನಚರಿ ಇದೆಯೇ’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಪಿಂಚಣಿ ಪುಸ್ತಕ, ಸೇನೆಯ ಬಿಡುಗಡೆ ಪತ್ರ, ಮನಿಯಾರ್ಡರ್ ರಸೀತಿ, ಪದಕ, ಭಾವಚಿತ್ರದ ಹಿಂಬದಿಯ ಬರಹ ಇವುಗಳನ್ನು ಕೇಳಬೇಕು. ಮೊದಲನೆಯ ಮಹಾಯುದ್ಧದ ಬೆಳ್ಳಿ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳಗಳನ್ನು ಕೊರೆದಿರುವುದುಂಟು. ಆ ಒಂದು ಸಾಲಿನಿಂದ ದಳ, ದಳದಿಂದ ಯುದ್ಧ ದಿನಚರಿ, ಅದರಿಂದ ರಣರಂಗ, ಅಲ್ಲಿಂದ ಅದೇ ದಳದ ಇತರರ ಬರಹ ಹೀಗೆ ಸರಣಿ ಬೆಳೆಯುತ್ತದೆ. ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ, ಪಂಜಾಬಿನ ಸುಮಾರು 3,20,000 ಸೈನಿಕರ ವಿವರಗಳನ್ನು ಹಳ್ಳಿವಾರು ದಾಖಲಿಸಿದ ನೋಂದಣಿ ಪುಸ್ತಕಗಳ ವಿಷಯ 2021ರಲ್ಲಿ ಬೆಳಕಿಗೆ ಬಂದ ಮೇಲೆ ಎಷ್ಟೋ ಕುಟುಂಬಗಳಿಗೆ ತಮ್ಮ ಹಿರಿಯರ ಗುರುತು ಸಿಕ್ಕಿತು. ಮೈಸೂರು ಮತ್ತು ಕೊಡಗಿನ ಸೈನಿಕರ ಹಳ್ಳಿವಾರು ಸೂಚಿಯೊಂದನ್ನು ಸಿದ್ಧಪಡಿಸುವುದು ಕನ್ನಡ ಮತ್ತು ಇತಿಹಾಸ ವಿಭಾಗಗಳು ಕೂಡಿ ಕೈಗೊಳ್ಳಬಹುದಾದ ಯೋಜನೆ.

8. ಸಮಾರೋಪ

ಇದುವರೆಗಿನ ವಿವೇಚನೆಯಿಂದ ಸ್ಪಷ್ಟವಾಗುವ ಅಂಶಗಳು ಹೀಗಿವೆ. ಮಹಾಯುದ್ಧಗಳ ವೈಯಕ್ತಿಕ ಕಥನಗಳನ್ನು ಹುಡುಕಲು ಗ್ರಂಥಾಲಯದ ವಿಷಯಸೂಚಿ ಆರಂಭವೇ ಹೊರತು ಅಂತ್ಯವಲ್ಲ. ಕೆಳಹುದ್ದೆಯ ಸೈನಿಕರ ಮಾತು ಬಹುಮಟ್ಟಿಗೆ ಪರಹಸ್ತದಲ್ಲಿ ಉಳಿದಿದೆ. ಆ ಹಸ್ತ ಯಾರದೆಂದು ತಿಳಿಯುವುದೇ ಶೋಧದ ಮೊದಲ ಹೆಜ್ಜೆ, ಓದಿನ ಮೊದಲ ಎಚ್ಚರಿಕೆ. ಘಟನೆ, ಬರವಣಿಗೆ, ಪ್ರಕಟಣೆ ಈ ಮೂರು ಕಾಲಗಳನ್ನು ಪ್ರತ್ಯೇಕವಾಗಿ ಗುರುತಿಸದೆ ಕಥನದ ಬೆಲೆ ಕಟ್ಟಲಾಗದು. ಪಾಠಾಂತರಗಳನ್ನು ಅಳಿಸದೆ ದಾಖಲಿಸುವ ಗ್ರಂಥಸಂಪಾದನೆಯ ಶಿಸ್ತು ಹಳೆಯ ಕಾವ್ಯಕ್ಕೆಷ್ಟೋ ಸಿಪಾಯಿಯ ಪತ್ರಕ್ಕೂ ಅಷ್ಟೇ ಸಲ್ಲುತ್ತದೆ.

ಈ ಕೆಲಸಕ್ಕೆ ಕಾಲಾವಕಾಶ ಬಹಳವಿಲ್ಲ. 1945ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ನೂರನ್ನು ದಾಟಿರಬೇಕು; ಅವರನ್ನೇ ಕಂಡು ಮಾತನಾಡಿಸುವ ಅವಕಾಶ ಮುಗಿಯುತ್ತ ಬಂದಿದೆ. ಅವರ ಮಾತನ್ನು ಎಳವೆಯಲ್ಲಿ ಕೇಳಿದ ಮಕ್ಕಳೂ ವೃದ್ಧರಾಗಿದ್ದಾರೆ. ಹಳೆಯ ಮನೆ ಕೆಡವಿ ಹೊಸಮನೆ ಕಟ್ಟುವಾಗ ಅಟ್ಟದ ಟ್ರಂಕಿನೊಳಗಿನ ಕಾಗದಗಳು ರದ್ದಿಗೆ ಹೋಗುತ್ತವೆ. ಕ್ರಾಸ್ತ ಅವರ ಬರಹ ಉಳಿದು ಬೆಳಕು ಕಂಡದ್ದು ಮನೆಯಲ್ಲಿ ಲೇಖಕನಾದ ಮಗನೊಬ್ಬನಿದ್ದ ಕಾರಣ. ಅಂಥ ಅನುಕೂಲವಿಲ್ಲದ ಮನೆಗಳಲ್ಲಿ ಆ ಮಗನ ಕೆಲಸವನ್ನು ಮಾಡಬೇಕಾದವರು ವಿಶ್ವವಿದ್ಯಾಲಯಗಳ ಅಧ್ಯಯನ ವಿಭಾಗದವರು, ಅಂದರೆ ನಾವು.